ರೆಸ್ಟೋರೆಂಟ್ ಪುಟದಲ್ಲಿ ಊಟದ ಮಾತು ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣೀಲಿ ಹೊಸ ರೆಸ್ಟೋರೆಂಟ್‌ಗಳ ಬಗ್ಗೆ ಬರೋ ಪುಟನ ನಾನು ಬಿಡದೆ ಓದ್ತೀನಿ. ಆದ್ರೆ ಇತ್ತೀಚೆಗೆ ಅದ್ರಲ್ಲಿ ಗೋಡೆ ಮೇಲಿನ ಪೇಂಟಿಂಗು, ಲೈಟಿಂಗು, ಫೋಟೋ ತೆಗೆಸ್ಕೊಳ್ಳೋಕೆ ಯಾವ ಮೂಲೆ ಚೆನ್ನಾಗಿದೆ ಅನ್ನೋದೇ ತುಂಬಿರುತ್ತೆ. ಅಡುಗೆ ಯಾರು ಮಾಡ್ತಾರೆ, ಊಟ ಹೇಗಿತ್ತು, ಈ ಜಾಗ ಯಾಕೆ ಬೇರೆ ಅಂತ ಹುಡುಕಿದ್ರೂ ಸಿಗಲ್ಲ.

ಹೊಸದೊಂದು ಯೋಚನೆ ಇಟ್ಕೊಂಡು ನಡೆಸೋ ಹೋಟೆಲನ್ನ ಕಾನ್ಸೆಪ್ಟ್ ರೆಸ್ಟೋರೆಂಟ್ ಅಂತಾರಲ್ಲ, ನನ್ನ ಪ್ರಕಾರ ಹಾಗೆ ಕರೆಸ್ಕೊಳ್ಳೋಕೆ ಅದು ಊಟ ಮಾಡೋ ರೀತೀನೇ ಸ್ವಲ್ಪ ಬದಲಾಯಿಸಬೇಕು. ಬೆಲ್ಟ್ ಮೇಲೆ ತಟ್ಟೆಗಳು ಸುತ್ತೋ ಸುಶಿ ಹೋಟೆಲ್ ಈಗ ಎಷ್ಟೋ ದೇಶಗಳಲ್ಲಿದೆ, ಆದ್ರೆ 1958ರಲ್ಲಿ ಜಪಾನಿನ ಒಸಾಕಾ ಕಡೆ ಯೋಶಿಯಾಕಿ ಶಿರಾಯಿಶಿ ಅದನ್ನ ಶುರು ಮಾಡಿದ್ದು ಶೋಕಿಗಲ್ಲ, ಕೆಲಸಕ್ಕೆ ಜನ ಸಾಲ್ತಿರ್ಲಿಲ್ಲ, ಬಿಯರ್ ಫ್ಯಾಕ್ಟರೀಲಿ ಬಾಟಲಿಗಳು ಬೆಲ್ಟ್ ಮೇಲೆ ಹೋಗೋದು ನೋಡಿ ತಟ್ಟೇನೂ ಹಂಗೇ ಕಳಿಸಬಹುದಲ್ಲ ಅಂತ ಹೊಳೀತು. ಜ್ಯೂರಿಕ್‌ನಲ್ಲಿ 1999ರಲ್ಲಿ ಶುರುವಾದ ಬ್ಲಿಂಡೆಕೂ ಅನ್ನೋ ರೆಸ್ಟೋರೆಂಟ್ ನನಗೆ ಅದಕ್ಕಿಂತ ಇಷ್ಟ. ಒಳಗೆ ಪೂರ್ತಿ ಕತ್ತಲೆ, ಬಡಿಸೋರು ಕಣ್ಣು ಕಾಣದವರು. ಹೊರಗಡೆ ಅಂಥವರಿಗೆ ಈ ಕೆಲಸ ಕೊಡೋರು ಕಮ್ಮಿ, ಅಲ್ಲಿ ಮಾತ್ರ ದಾರಿ ಗೊತ್ತಿರೋದೇ ಅವರಿಗೆ, ಕಣ್ಣು ಕಾಣೋ ಗಿರಾಕಿ ಅವರನ್ನ ನಂಬಿ ಹಿಂದೆ ಹೋಗಿ ಕೂರಬೇಕು. ಟೋಕಿಯೋದಲ್ಲಿ 2017ರಲ್ಲಿ ಕೆಲವು ದಿನದ ಮಟ್ಟಿಗೆ ನಡೆಸಿದ ಒಂದು ರೆಸ್ಟೋರೆಂಟಲ್ಲಿ ಮರೆವಿನ ಕಾಯಿಲೆ ಇರೋರು ಆರ್ಡರ್ ತಗೋತಿದ್ರು, ಹೇಳಿದ್ದೊಂದು ಬರೋದೊಂದು ಆಗಬಹುದು ಅಂತ ಹೆಸರಲ್ಲೇ ಹೇಳಿಬಿಟ್ಟಿದ್ರು, ಬಂದವರು ಅದನ್ನ ಒಪ್ಕೊಂಡೇ ಕೂತ್ರು. ಇಂಥ ಜಾಗದ ಬಗ್ಗೆ ಬರೆಯೋವಾಗ ಗೋಡೆ ಬಣ್ಣ ಯಾರಿಗೆ ಬೇಕು ಹೇಳಿ.

ಇನ್ನು ಒಳ್ಳೆ ಹೋಟೆಲ್ ಹುಡುಕೋ ವಿಷಯ. ಆನ್‌ಲೈನ್ ರೇಟಿಂಗ್ ನೋಡ್ಕೊಂಡು ಹೋದ್ರಾಯ್ತು ಅಂತ ಕೆಲವರು ಹೇಳ್ತಾರೆ, ನನಗೆ ಆ ನಂಬಿಕೆ ಇಲ್ಲ. 2017ರಲ್ಲಿ ಲಂಡನ್‌ನಲ್ಲಿ ಊಬಾ ಬಟ್ಲರ್ ಅನ್ನೋ ಬರಹಗಾರ ತಾನು ವಾಸ ಇದ್ದ ಶೆಡ್ಡನ್ನೇ ರೆಸ್ಟೋರೆಂಟ್ ಅಂತ ಟ್ರಿಪ್‌ಅಡ್ವೈಸರ್ ಅನ್ನೋ ರೇಟಿಂಗ್ ವೆಬ್‌ಸೈಟಿಗೆ ಸೇರಿಸಿ, ಗೊತ್ತಿರೋರ ಕೈಲಿ ಸುಳ್ಳು ರಿವ್ಯೂ ಬರೆಸಿ, ಶೇವಿಂಗ್ ಫೋಮನ್ನ ತಿಂಡಿ ಥರ ಕಾಣೋ ಹಾಗೆ ಫೋಟೋ ತೆಗೆದು, ಅದನ್ನ ಆ ಊರಿನ ನಂಬರ್ ಒನ್ ಮಾಡಿಬಿಟ್ಟ. ಆಗಿನ್ನೂ ಅಲ್ಲಿ ಒಬ್ಬ ಗಿರಾಕೀನೂ ಊಟ ಮಾಡಿರ್ಲಿಲ್ಲ! ರೀಲ್ಸ್ ಕಥೇನೂ ಇಷ್ಟೇ, ಯಾವುದು ದುಡ್ಡು ಕೊಟ್ಟು ಮಾಡಿಸಿದ್ದು ಅಂತ ನೋಡೋರಿಗೆ ಗೊತ್ತಾಗಲ್ಲ.

ಪತ್ರಿಕೆ ಬೇಕಾಗಿರೋದು ಇಲ್ಲೇ. ನಿಮ್ಮ ವರದಿಗಾರರು ಮೊದಲೇ ಫೋನ್ ಮಾಡದೆ, ಎಲ್ಲರ ಥರ ಹೋಗಿ, ಬಿಲ್ ತಾವೇ ಕಟ್ಟಿ ಬರ್ಲಿ. ನ್ಯೂಯಾರ್ಕ್ ಟೈಮ್ಸ್‌ನ ರೂತ್ ರೈಕಲ್ ವಿಗ್ ಹಾಕ್ಕೊಂಡು ವೇಷ ಬದಲಾಯಿಸಿ ಹೋಗ್ತಿದ್ರು, 1993ರಲ್ಲಿ ಒಂದು ಹೆಸರಾಂತ ರೆಸ್ಟೋರೆಂಟಲ್ಲಿ ಗುರುತು ಸಿಗದಾಗ ಆದ ಉಪಚಾರ, ಗುರುತು ಸಿಕ್ಕಾಗ ಆದ ಉಪಚಾರ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ್ರು. ಲಾಸ್ ಏಂಜಲೀಸ್‌ನ ಜೊನಾಥನ್ ಗೋಲ್ಡ್ ವಲಸೆ ಬಂದ ಕುಟುಂಬಗಳ ಪುಟ್ಟ ಹೋಟೆಲುಗಳ ಬಗ್ಗೆ ದೊಡ್ಡ ರೆಸ್ಟೋರೆಂಟಿಗೆ ಕೊಡೋವಷ್ಟೇ ಮರ್ಯಾದೆ ಕೊಟ್ಟು ಬರೀತಿದ್ರು, 2007ರಲ್ಲಿ ಅವರಿಗೆ ಪುಲಿಟ್ಜರ್ ಬಂತು, ರೆಸ್ಟೋರೆಂಟ್ ವಿಮರ್ಶಕರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಹಾಗಾಗಿ ನನ್ನ ವಿನಂತಿ ಇಷ್ಟು. ಜಾಹೀರಾತಿನ ಬರಹ ಆಗಿದ್ರೆ ಮೇಲೇನೇ ದಪ್ಪ ಅಕ್ಷರದಲ್ಲಿ ಹಾಕಿ. ಪ್ರಚಾರಕ್ಕೆ ಅಂತ ಪಿಆರ್ ಏಜೆನ್ಸಿ ಇಟ್ಕೊಳ್ಳೋಕಾಗದ ಸಣ್ಣ ಹೋಟೆಲುಗಳಿಗೆ ವಾರಕ್ಕೆ ಅರ್ಧ ಪುಟ ಮೀಸಲಿಡಿ, ಅಂಥ ಜಾಗಗಳ ಹೆಸರು ಓದುಗರಿಂದಲೇ ಕೇಳಿ, ನಾವು ಕಳಿಸ್ತೀವಿ. ಮತ್ತೆ ಒಂದು ಹೋಟೆಲ್ ಬಗ್ಗೆ ಬರೆದ್ಮೇಲೆ ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಹೋಗಿ ನೋಡಿ ಬರೀರಿ, ಓಪನಿಂಗ್ ಗದ್ದಲ ಮುಗಿದ ಮೇಲೂ ಆ ಅಡುಗೆ ಹಂಗೇ ಇದ್ಯಾ ಅಂತ ನಮಗೆ ತಿಳೀಬೇಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ