ಮಗಳಿಗೊಂದು ಪತ್ರ: ಆ ಕಚೇರಿಯ ಭಾಗವನ್ನು ಕತ್ತರಿಸಬೇಡ

ಕಲಬುರಗಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಚಿತ್ರದ ಕರಡು ಪ್ರತಿಯನ್ನು ನಾನೂ ನಿಮ್ಮವ್ವನೂ ಕುಳಿತು ನೋಡಿದೆವು. ಬಿಡುಗಡೆಗೆ ಮೊದಲು ನೋಂದಣಿ ಕಚೇರಿಯ ಭಾಗವನ್ನು ಮೊಟಕುಗೊಳಿಸಿ, ಕೊನೆಯಲ್ಲಿ ಗುಂಪೊಂದು ಮನೆಗೆ ನುಗ್ಗುವ ದೃಶ್ಯವನ್ನು ಸೇರಿಸಬೇಕೆಂದು ನಿನ್ನ ಜೊತೆಯವರು ಒತ್ತಾಯಿಸುತ್ತಿದ್ದಾರೆಂದು ಬರೆದಿದ್ದೀಯ. ಹಾಗೆ ಮಾಡಬೇಡ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ದೊಣ್ಣೆ ಹಿಡಿದು ಬರುವವರನ್ನು ಪರದೆಯ ಮೇಲೆ ಕಂಡ ಪ್ರೇಕ್ಷಕ, ಅಸಹನೆಯೆಂಬುದು ಅವರದು, ತನ್ನದಲ್ಲ ಎಂಬ ನೆಮ್ಮದಿಯಿಂದ ಎದ್ದು ಹೋಗುತ್ತಾನೆ. ಬೇರೆ ಬೇರೆ ಧರ್ಮದ ಯಾದಗಿರಿಯ ಹುಡುಗಿ ಮತ್ತು ಕಲಬುರಗಿಯ ಹುಡುಗ ಮದುವೆಯ ನೋಟಿಸು ಕೊಟ್ಟು 30 ದಿನ ಕಾಯುವುದಷ್ಟೇ ನಿನ್ನ ಕಥೆ. ಅದರ ಬಲವೆಲ್ಲ ಆ ಕಾಯುವಿಕೆಯಲ್ಲಿದೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಆ ನೋಟಿಸನ್ನು ವಿವಾಹಾಧಿಕಾರಿಯು ತನ್ನ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಇಬ್ಬರಲ್ಲಿ ಒಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ಅದರ ಪ್ರತಿ ಆ ಜಿಲ್ಲೆಯ ಕಚೇರಿಯ ಗೋಡೆಯನ್ನೂ ಏರಬೇಕು. ಹುಡುಗಿಯ ಸುದ್ದಿಯನ್ನು ಯಾದಗಿರಿಗೆ ಮುಟ್ಟಿಸಿದ್ದು ಸರ್ಕಾರದ್ದೇ ಲಕೋಟೆ ಎಂಬುದನ್ನು ನೀನು ಯಾರ ಬಾಯಿಂದಲೂ ಒಂದು ಮಾತು ಆಡಿಸದೆ ತೋರಿಸಿದ್ದೀಯಲ್ಲ, ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದು.

ಆಕೆಯ ಸೋದರಮಾವ ತಕರಾರು ಸಲ್ಲಿಸುವ ದೃಶ್ಯವೂ ಹಾಗೆಯೇ ಇರಲಿ. ಇಬ್ಬರಲ್ಲಿ ಯಾರಿಗಾದರೂ ಬದುಕಿರುವ ಗಂಡನೋ ಹೆಂಡತಿಯೋ ಇದ್ದರೆ, ವಯಸ್ಸು ತುಂಬಿರದಿದ್ದರೆ, ಮಾನಸಿಕವಾಗಿ ಒಪ್ಪಿಗೆ ಕೊಡಲು ಅಶಕ್ತರಾಗಿದ್ದರೆ ಅಥವಾ ಅವರು ನಿಷಿದ್ಧ ಸಂಬಂಧದವರಾಗಿದ್ದರೆ ಮಾತ್ರ ತಕರಾರು ನಿಲ್ಲುತ್ತದೆ. ಜಾತಿ, ಧರ್ಮಗಳಿಗೆ ಅಲ್ಲಿ ಜಾಗವಿಲ್ಲ. ಮಾವನಿಗೆ ಇದು ಗೊತ್ತು. ಅವನಿಗೆ ಬೇಕಾದದ್ದು ಗೆಲುವಲ್ಲ, ವಿಳಂಬ. ವಿಚಾರಣೆ ಮುಗಿಸಲು ಅಧಿಕಾರಿಗೆ ಇನ್ನೂ 30 ದಿನಗಳ ಅವಕಾಶವಿದೆ, ದುರುದ್ದೇಶದ ತಕರಾರೆಂದು ಸಾಬೀತಾದರೂ ವಿಧಿಸಬಹುದಾದ ಖರ್ಚಿನ ಮೊತ್ತ ಹೆಚ್ಚೆಂದರೆ 1000 ರೂಪಾಯಿ. ಅಷ್ಟರೊಳಗೆ ಮನೆ ಮಾಲೀಕ ಚಹಾ ಕೊಟ್ಟು, ಬಹುವಚನದಲ್ಲೇ ಮಾತಾಡಿಸಿ, ಮನೆ ಖಾಲಿ ಮಾಡಿ ಎನ್ನುತ್ತಾನೆ. ನಮ್ಮ ಊರಿನಲ್ಲಿ ಅಸಹನೆ ಬಹುಪಾಲು ಹೀಗೆ ಮರ್ಯಾದೆಯ ಮಾತಿನಲ್ಲಿಯೇ ಬರುತ್ತದೆ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಕ್ಕೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಬಾಡಿಗೆ ಮನೆಯ ಬಾಗಿಲವರೆಗೆ ಆ ತೀರ್ಪು ಇನ್ನೂ ನಡೆದು ಬಂದಿಲ್ಲ.

ಚಿತ್ರದ ಆರಂಭದಲ್ಲಿ ಶರಣರಾದ ಹರಳಯ್ಯ ಮತ್ತು ಮಧುವರಸರ ಮಕ್ಕಳ ಅಂತರ್ಜಾತಿ ಮದುವೆಯ ಕುರಿತು ಹಾಕಿರುವ ಸಾಲುಗಳನ್ನು ತೆಗೆದುಬಿಡು. ಬಸವಕಲ್ಯಾಣ ನಮಗೆ ಹತ್ತಿರವೆಂದು ಆಸೆಯಾಗುವುದು ಸಹಜ. ಆದರೆ ಹನ್ನೆರಡನೆಯ ಶತಮಾನದ ಆ ಮದುವೆಗೆ ಚಪ್ಪಾಳೆ ತಟ್ಟಿ, ಮರುದಿನ ಮಗನಿಗೆ ಒಳಪಂಗಡ ಸಹಿತ ಹೆಣ್ಣು ಹುಡುಕುವ ಮಂದಿಯನ್ನು (ನಮ್ಮ ಬಳಗವನ್ನೂ ಸೇರಿಸಿಯೇ ಹೇಳುತ್ತೇನೆ) ನಾನು ಬಹಳ ನೋಡಿದ್ದೇನೆ. ಅವರಿಗೆ ಅಷ್ಟು ಸುಲಭದ ಚಪ್ಪಾಳೆಯ ಅವಕಾಶ ಕೊಡಬೇಡ.

ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಸಿಗದೆಂಬ ಭಯದಿಂದ ನೀವೇ ಮೊದಲು ಕತ್ತರಿ ಹಿಡಿಯಬೇಡಿ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ಕಲಮನ್ನು ಓದು. ಅಧಿಕಾರಿಯೊಬ್ಬ ನಿರ್ಲಕ್ಷ್ಯದಿಂದ ವರ್ತಿಸುವುದನ್ನು ತೋರಿಸಬಾರದೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಮೀಸಲಾತಿಯನ್ನು ಟೀಕಿಸಿದ ತಮಿಳು ಚಿತ್ರವೊಂದರ ಪ್ರಕರಣದಲ್ಲಿ, ಪ್ರತಿಭಟನೆ, ಹಿಂಸೆಗಳ ಬೆದರಿಕೆಯಿದೆಯೆಂಬ ಕಾರಣಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಹತ್ತಿಕ್ಕಲಾಗದೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿತು. ಮಂಡಳಿ ಏನಾದರೂ ತೆಗೆಯಲು ಹೇಳಿದರೆ ಲಿಖಿತವಾಗಿ ಕಾರಣ ಕೇಳು. ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಗೊಳಿಸಿದ್ದರಿಂದ ಈಗ ಹೈಕೋರ್ಟಿಗೇ ಹೋಗಬೇಕು. ಸಣ್ಣ ಚಿತ್ರದವರಿಗೆ ಅದು ಭಾರವೇ ಸರಿ, ಆದರೆ ಮನೆಯಲ್ಲೊಬ್ಬ ಫೀಸು ಕೇಳದ ವಕೀಲನಿದ್ದಾನೆ.

ಕೊನೆಯದಾಗಿ ಒಂದು ತಿದ್ದುಪಡಿ. ಅಧಿಕಾರಿಯು ತಂದೆತಾಯಿಯ ಒಪ್ಪಿಗೆ ಪತ್ರ ತರಲು ಹೇಳುವಾಗ ಅದು ನಿಯಮವೆಂಬಂತೆ ಕೇಳಿಸುತ್ತದೆ. ಕಾಯ್ದೆ ಕೇಳುವುದು ಮೂವರು ಸಾಕ್ಷಿಗಳನ್ನು ಮಾತ್ರ. ಹುಡುಗಿ ಒಮ್ಮೆ, ಯಾವ ಕಲಮಿನಲ್ಲಿದೆ ಸರ್ ಎಂದು ಕೇಳಲಿ. ಅವನು ಉತ್ತರಿಸದೆ ಮುಂದಿನವರನ್ನು ಕರೆಯಲಿ. ಅದಕ್ಕೆ ಹೊಸ ಚಿತ್ರೀಕರಣ ಬೇಕಾದರೆ ಹೇಳು, ಹಣದ ವ್ಯವಸ್ಥೆಯ ಬಗ್ಗೆ ನಿಮ್ಮವ್ವ ನಿನ್ನೊಡನೆ ಮಾತಾಡುತ್ತಾಳೆ.

ಇಂತಿ,
ನಿನ್ನ ಅಪ್ಪ