ಕೇಬಲ್ ಎಳೆದ ಲೆಕ್ಕ ಸಾಕು, ಇಂಟರ್ನೆಟ್ ಸಿಕ್ಕ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ತಿದ್ದುಪಡಿಗೊಂಡ ಭಾರತ್‌ನೆಟ್ ಯೋಜನೆಯಡಿ ಗ್ರಾಮ ಪಂಚಾಯಿತಿಗಳಿಗೆ ಮತ್ತೊಮ್ಮೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಕೆಲಸವನ್ನು ಕೇಂದ್ರ ಸರ್ಕಾರ ಕೈಗೆತ್ತಿಕೊಂಡಿದೆ. ಮೊದಲ ಸಲ ಎಳೆದ ಕೇಬಲ್‌ನಿಂದ ಹಳ್ಳಿಗಳಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಎರಡನೆಯ ಸಲ ಹಣ ಸುರಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿ, ನಂತರ ಪಿಡಿಒ ಆಗಿ ಕೆಲಸ ಮಾಡಿ ನಿವೃತ್ತನಾದ ನಾನು ಈ ಯೋಜನೆಯನ್ನು ಕಾಗದದ ಮೇಲೆ ಮಾತ್ರವಲ್ಲ, ಕಚೇರಿಯ ಮೂಲೆಯಲ್ಲೂ ನೋಡಿದವನು. ಆದ್ದರಿಂದಲೇ ತಮ್ಮ ಪತ್ರಿಕೆಯ ಮೂಲಕ ಕೆಲವು ವಿಷಯಗಳನ್ನು ಓದುಗರ ಮತ್ತು ಅಧಿಕಾರಿಗಳ ಗಮನಕ್ಕೆ ತರಬಯಸುತ್ತೇನೆ.

ಕೇಂದ್ರ ಸಚಿವ ಸಂಪುಟ ಈ ಯೋಜನೆಗೆ ಒಪ್ಪಿಗೆ ನೀಡಿದ್ದು 2011ರ ಅಕ್ಟೋಬರ್‌ನಲ್ಲಿ. ಆಗ ಅದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ಸುಮಾರು 20,000 ಕೋಟಿ ರೂಪಾಯಿಯಲ್ಲಿ, ಎರಡು ವರ್ಷದೊಳಗೆ, ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಬ್ರಾಡ್‌ಬ್ಯಾಂಡ್ ತಲುಪಿಸುವುದಾಗಿ ಹೇಳಲಾಗಿತ್ತು. ಸರ್ಕಾರ ಬದಲಾಯಿತು, ಹೆಸರು ಭಾರತ್‌ನೆಟ್ ಎಂದಾಯಿತು, ಆದರೆ ಮೊದಲ ಒಂದು ಲಕ್ಷ ಪಂಚಾಯಿತಿಗಳ ಹಂತ ಮುಗಿಯಿತೆಂದು ಘೋಷಣೆಯಾಗುವಾಗ 2017ರ ಡಿಸೆಂಬರ್ ಬಂದಿತ್ತು. ಅಷ್ಟರೊಳಗೆ ಎರಡನೆಯ ಹಂತಕ್ಕೂ ಅನುಮೋದನೆ ಸಿಕ್ಕಿ ಒಟ್ಟು ವೆಚ್ಚ 42,068 ಕೋಟಿಗೆ ಏರಿತ್ತು. 2020ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿಯವರು ಸಾವಿರ ದಿನಗಳಲ್ಲಿ ಆರು ಲಕ್ಷ ಹಳ್ಳಿಗಳಿಗೂ ಫೈಬರ್ ತಲುಪಲಿದೆ ಎಂದರು. ಆ ಸಾವಿರ ದಿನಗಳು 2023ರ ಮೇ ತಿಂಗಳಲ್ಲಿ ಮುಗಿದವು. ನಡುವೆ, 2021ರಲ್ಲಿ, ಕರ್ನಾಟಕವೂ ಸೇರಿ ಹದಿನಾರು ರಾಜ್ಯಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕೆಲಸ ಮಾಡಿಸಲು 19,041 ಕೋಟಿ ರೂಪಾಯಿ ನೆರವು ಕೊಡುವುದಾಗಿ ಕೇಂದ್ರ ಹೇಳಿದರೂ ಟೆಂಡರ್‌ಗೆ ಯಾರೂ ಬರಲಿಲ್ಲ, ಅದು ರದ್ದಾಯಿತು. ಸಾವಿರ ದಿನಗಳ ಗಡುವು ಮುಗಿದ ಮೂರೇ ತಿಂಗಳಿಗೆ ಸಂಪುಟ ಒಪ್ಪಿದ ಹೊಸ ಯೋಜನೆಯ ಮೊತ್ತ 1,39,579 ಕೋಟಿ ರೂಪಾಯಿ. ಇದರಲ್ಲಿ ಹತ್ತು ವರ್ಷದ ನಿರ್ವಹಣೆಯ ಖರ್ಚೂ ಸೇರಿದೆ ಎಂಬುದು ನಿಜ. ಆದರೂ ಇಪ್ಪತ್ತು ಸಾವಿರ ಕೋಟಿಯಿಂದ ಇಲ್ಲಿಯವರೆಗೆ ಬಂದ ದಾರಿಯಲ್ಲಿ ಎಲ್ಲಿ ಏನು ತಪ್ಪಿತು ಎಂಬ ವಿವರಣೆಯನ್ನು ಪಂಚಾಯಿತಿಗಳ ಮುಂದೆ ಯಾರೂ ಇಟ್ಟಿಲ್ಲ.

ಈ ಹಣ ಎಲ್ಲಿಂದ ಬಂತೆಂಬುದನ್ನೂ ಇಲ್ಲಿ ಹೇಳಬೇಕು. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಒಟ್ಟು ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆ ಕಟ್ಟುತ್ತ ಬಂದಿವೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಕಂಪನಿಗಳ ಆದಾಯವೆಂದರೆ ನಾವು ಮಾಡಿಸುವ ರೀಚಾರ್ಜ್. ನೆಟ್‌ವರ್ಕ್ ಸಿಗದ ಊರಿನ ಕೂಲಿ ಹೆಂಗಸು ತನ್ನ ಫೋನಿಗೆ ಹಾಕಿಸುವ ದುಡ್ಡಿನಲ್ಲೂ ಈ ನಿಧಿಯ ಪಾಲಿದೆ. ಲೆಕ್ಕ ಕೇಳುವ ಹಕ್ಕು ಆಕೆಗೂ ಇದೆ.

ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯ ಸ್ಥಿತಿಯನ್ನು ಹೇಳುತ್ತೇನೆ. ಕಚೇರಿಯ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಜಡಿದಿದ್ದರು. ಒಳಗೆ ಫೈಬರ್ ಸಂಪರ್ಕವನ್ನು ಕಂಪ್ಯೂಟರಿಗೆ ಒದಗಿಸುವ ಒಎನ್‌ಟಿ ಎಂಬ ಸಾಧನ, ಕೆಳಗೆ ಬ್ಯಾಟರಿ, ಮಾಡಿನ ಮೇಲೆ ಸೋಲಾರ್ ಫಲಕ. ಅಳವಡಿಸಿದವರು ದೀಪ ಉರಿಯುವುದನ್ನು ತೋರಿಸಿ, ಫೋಟೊ ತೆಗೆದುಕೊಂಡು, ನನ್ನ ಸಹಿ ಮತ್ತು ಮೊಹರು ಪಡೆದು ಹೋದರು. ಮೊದಲ ಮಳೆಗಾಲದಲ್ಲೇ ಸಂಪರ್ಕ ಕಡಿಯಿತು. ದೂರು ಕೊಟ್ಟಾಗ ಜನ ಬಂದು ಸರಿಪಡಿಸಿದ್ದೂ ಉಂಟು, ಆದರೆ ಕೆಲವೇ ವಾರದಲ್ಲಿ ಮತ್ತೆ ಅದೇ ಕಥೆ. ಎರಡನೆಯ ವರ್ಷ ಬ್ಯಾಟರಿ ಸತ್ತಿತು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಆ ಮೋಡದಲ್ಲಿ ಸೋಲಾರ್ ಫಲಕವೂ ಕೈಕೊಡುತ್ತದೆ. ಬ್ಯಾಟರಿಯಿಲ್ಲದ ಪೆಟ್ಟಿಗೆ ಅಲ್ಲಿಗೆ ಕಬ್ಬಿಣವಷ್ಟೇ. ಹೊಸ ಬ್ಯಾಟರಿ ಕೊಡಿಸುವವರು ಯಾರು ಎಂಬ ಪತ್ರ ವ್ಯವಹಾರದ ಕಡತ ದಪ್ಪವಾಯಿತೇ ಹೊರತು ಬ್ಯಾಟರಿ ಬರಲಿಲ್ಲ. ಪಂಚಾಯಿತಿಯ ನಿಧಿಯಿಂದ ಖರೀದಿಸೋಣವೆಂದರೆ, ಸಾಧನ ನಮ್ಮದಲ್ಲವಾದ್ದರಿಂದ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆಂಬ ಎಚ್ಚರಿಕೆ ಬಂತು.

ಆ ದಿನಗಳಲ್ಲಿ ನಮ್ಮ ಡಾಟಾ ಎಂಟ್ರಿ ಆಪರೇಟರ್ ತನ್ನ ಸ್ವಂತ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ, ಆಸ್ತಿ ದಾಖಲೆಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನ ಕೆಲಸ ಮಾಡುತ್ತಿದ್ದರು. ಸಿಗ್ನಲ್ ಸಿಗುತ್ತಿದ್ದದ್ದು ಕಿಟಕಿಯ ಕಟ್ಟೆಯ ಮೇಲೆ ಮಾತ್ರ, ಫೋನ್ ಅಲ್ಲಿಂದ ಅಲುಗಾಡುವಂತಿರಲಿಲ್ಲ. ಆಸ್ತಿಯ ದಾಖಲೆಯಾದ ನಮೂನೆ 11ಬಿ ಬೇಕೆಂದು ಹತ್ತಾರು ಕಿಲೊಮೀಟರ್ ದೂರದ ಮಜರೆಯಿಂದ ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಹೇಳಬೇಕಾದ ಸಂಕಟ ಅನುಭವಿಸಿದವರಿಗೇ ಗೊತ್ತು. ಬ್ಯಾಂಕ್ ಸಾಲಕ್ಕೆ ದಾಖಲೆ ಕೊಡಬೇಕಾದ ರೈತನಿಗೆ ಆ ‘ನಾಳೆ’ ಎಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಬಾಪೂಜಿ ಸೇವಾ ಕೇಂದ್ರಗಳಿಂದ ಹಿಡಿದು ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರದವರೆಗೆ ಎಲ್ಲವನ್ನೂ ಆನ್‌ಲೈನ್ ಮಾಡಿದ ಸರ್ಕಾರಗಳು, ಆನ್‌ಲೈನ್‌ಗೆ ಬೇಕಾದ ತಂತಿ ಮಾತ್ರ ಜೀವಂತವಾಗಿದೆಯೇ ಎಂದು ತಿರುಗಿ ನೋಡಲಿಲ್ಲ. ಇಷ್ಟೆಲ್ಲ ಆದರೂ ನಮ್ಮ ಪಂಚಾಯಿತಿ ಮಾತ್ರ ಯೋಜನೆಯ ಪಟ್ಟಿಯಲ್ಲಿ ‘ಸರ್ವಿಸ್ ರೆಡಿ’ ಆಗಿಯೇ ಉಳಿದಿತ್ತು. ಕೇಬಲ್ ತಲುಪಿ, ಸಾಧನ ಅಳವಡಿಸಿ, ಒಮ್ಮೆ ಪರೀಕ್ಷೆ ಮುಗಿದರೆ ಆ ಪಟ್ಟಿಗೆ ಸೇರುತ್ತದೆ. ಆಮೇಲೆ ಸಂಪರ್ಕ ಕಡಿದರೂ ಹೆಸರು ಅಲ್ಲಿಯೇ ಇರುತ್ತದೆ. ಸಂಸತ್ತಿನಲ್ಲಿ ಹೇಳುವ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳ ಲೆಕ್ಕ ಈ ಪಟ್ಟಿಯದು. ಯೋಜನೆಯ ಮೂಲ ದೋಷ ಇಲ್ಲಿದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಗುತ್ತಿಗೆದಾರನಿಗೆ ಕಿಲೊಮೀಟರ್ ಲೆಕ್ಕದಲ್ಲಿ ಬಿಲ್ ಪಾಸಾದರೆ ಆತ ಕಿಲೊಮೀಟರ್ ಮುಗಿಸುತ್ತಾನೆ, ಅಧಿಕಾರಿಯನ್ನು ಪಟ್ಟಿಯ ಉದ್ದದಿಂದ ಅಳೆದರೆ ಆತ ಪಟ್ಟಿಯನ್ನು ಉದ್ದ ಮಾಡುತ್ತಾನೆ. ಇಂಟರ್ನೆಟ್ ಎಷ್ಟು ಗಂಟೆ ಇತ್ತು ಎಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ವಿನ್ಯಾಸದಲ್ಲೂ ದೋಷವಿತ್ತು. ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಅರ್ಧ ದಾರಿಯವರೆಗೆ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರ್ ಅನ್ನೇ ಬಳಸಿಕೊಂಡು, ಅಲ್ಲಿಂದ ಪಂಚಾಯಿತಿಗೆ ಹೊಸ ತುಂಡು ಜೋಡಿಸಲಾಯಿತು. ಖರ್ಚು ಉಳಿಸುವ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಒಂದೇ ಗೆರೆಯಲ್ಲಿ ಸಾಗುವ ಆ ಕೇಬಲ್ ಎಲ್ಲೇ ತುಂಡಾದರೂ ಆಚೆಗಿನ ಪಂಚಾಯಿತಿಗಳೆಲ್ಲ ಕತ್ತಲಾಗುತ್ತವೆ. ತುಂಡಾಗಲು ಕಾರಣಗಳಿಗೆ ಬರವಿಲ್ಲ. ರಸ್ತೆ ಅಗಲೀಕರಣ, ಚರಂಡಿ, 2019ರ ನಂತರ ಮನೆಮನೆಗೆ ನಲ್ಲಿ ಕೊಡುವ ಜಲಜೀವನ್ ಮಿಷನ್‌ನ ಪೈಪ್‌ಲೈನ್, ಎಲ್ಲವೂ ಸಾಗುವುದು ಅದೇ ರಸ್ತೆ ಅಂಚಿನಲ್ಲಿ. ಒಂದೂವರೆ ಮೀಟರ್‌ಗಿಂತ ಆಳದಲ್ಲಿರಬೇಕಾಗಿದ್ದ ಕೇಬಲ್ ಮೊಣಕಾಲುದ್ದದ ಗುಂಡಿಯಲ್ಲಿಯೇ ಜೆಸಿಬಿಯ ಹಲ್ಲಿಗೆ ಸಿಕ್ಕಿದ್ದನ್ನು ನಾನೇ ನಿಂತು ನೋಡಿದ್ದೇನೆ. ಅಗೆಯುವ ಮುನ್ನ ಮಾಹಿತಿ ಕೊಡಲೆಂದು ಕೇಂದ್ರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿತು, ಅದು ಸ್ವಾಗತಾರ್ಹ. ಆದರೆ ಹಳ್ಳಿಯ ಜೆಸಿಬಿ ಚಾಲಕನವರೆಗೆ ಆ ಸುದ್ದಿ ಮುಟ್ಟಿಸುವವರು ಯಾರು?

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನಿರ್ವಹಣೆಗೆ. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಯೋಜನೆಯಡಿ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಒಮ್ಮೆಲೇ ಮನೆಗೆ ಹೋದರು. ಸಂಸ್ಥೆಯ ನಷ್ಟ ತಗ್ಗಿಸಲು ಅದು ಅನಿವಾರ್ಯವಿತ್ತೆಂದು ವಾದಿಸುವವರಿದ್ದಾರೆ. ಆದರೆ ಯಾವ ತಿರುವಿನಲ್ಲಿ ಜಾಯಿಂಟ್ ಇದೆ, ಯಾವ ಮೋರಿಯ ಕೆಳಗೆ ಕೇಬಲ್ ದಾಟುತ್ತದೆ ಎಂಬುದನ್ನು ನಕ್ಷೆ ನೋಡದೆ ಹೇಳಬಲ್ಲ ಲೈನ್‌ಮನ್‌ಗಳು ಅವರೊಂದಿಗೆ ಹೋದರು. ಅವರ ಜಾಗಕ್ಕೆ ಬಂದ ಗುತ್ತಿಗೆಯ ಹುಡುಗರು ಕೆಲಸಗಳ್ಳರಲ್ಲ. ಅವರಿಗೆ ಸಂಬಳ ತಿಂಗಳು ತಿಂಗಳಿಗೆ ಬರುತ್ತಿರಲಿಲ್ಲ, ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರವಂತೂ ತಾಲ್ಲೂಕಿಗೆ ಒಂದಿದ್ದರೆ ಹೆಚ್ಚು. ಕೋವಿಡ್ ಬಂದದ್ದೂ ಅದೇ ವರ್ಷ. ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿಯ ಮಳೆಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರಲ್ಲಿ ನಾಡೆಲ್ಲ ನೋಡಿತು. ಮಲೆನಾಡು ಮತ್ತು ಕರಾವಳಿಯ ಅದೆಷ್ಟೋ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಫೈಬರ್ ಮುಟ್ಟಿದೆಯೆಂದು ಹೇಳಲಾದ ಪಂಚಾಯಿತಿಗಳ ಮಕ್ಕಳೂ ಅವರಲ್ಲಿದ್ದರು. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ನಮ್ಮ ಜಿಲ್ಲೆಯ ಹಳ್ಳಿಗಳು ಬ್ಯಾನರ್ ಕಟ್ಟಿದ್ದು ಆ ನೋವಿನಿಂದ.

ಇಂಥ ಜಾಲವನ್ನು ಸರ್ಕಾರ ಕಟ್ಟಲೇಬಾರದು, ಖಾಸಗಿಯವರಿಗೆ ಬಿಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾಲ್ಕೈದು ನೂರು ಮನೆ, ಅವೂ ಚದುರಿದ ಮಜರೆಗಳಲ್ಲಿರುವ ಕಡೆಗೆ ಲಾಭಕ್ಕಾಗಿ ಕೇಬಲ್ ತರುವ ಕಂಪನಿ ಯಾವುದೂ ಇಲ್ಲ. ನೆರೆಯ ಕೇರಳ ತನ್ನ ವಿದ್ಯುತ್ ಮಂಡಳಿಯ ಕಂಬಗಳನ್ನೇ ಬಳಸಿಕೊಂಡು ಕೆ-ಫೋನ್ ಎಂಬ ಸ್ವಂತ ಜಾಲ ಕಟ್ಟಿ 2023ರ ಜೂನ್‌ನಲ್ಲಿ ಉದ್ಘಾಟಿಸಿತು. ಅದಕ್ಕೂ ತನ್ನದೇ ವಿಳಂಬ, ವಿವಾದಗಳಿವೆ. ಆದರೂ ಜಾಲ ಕೆಟ್ಟಾಗ ಯಾರನ್ನು ಕೇಳಬೇಕೆಂಬುದು ಅಲ್ಲಿನ ಜನರಿಗೆ ಗೊತ್ತು, ತಿರುವನಂತಪುರದಲ್ಲಿ ಉತ್ತರ ಕೊಡಬೇಕಾದ ಸರ್ಕಾರವಿದೆ. ನಮ್ಮಲ್ಲಿ ಪಂಚಾಯಿತಿ ತಾಲ್ಲೂಕಿನತ್ತ, ತಾಲ್ಲೂಕು ಜಿಲ್ಲೆಯತ್ತ, ಜಿಲ್ಲೆ ದೆಹಲಿಯತ್ತ ಬೆರಳು ತೋರಿಸುತ್ತದೆ. ಯೋಜನೆ ಕೇಂದ್ರದ್ದು ಎಂಬ ಒಂದು ಮಾತಿನಿಂದ ರಾಜ್ಯ ಸರ್ಕಾರವೂ ಕೈತೊಳೆದುಕೊಂಡಿದೆ.

ಹೊಸ ಹಂತದಲ್ಲಿ ಗೆರೆಯ ಬದಲು ವರ್ತುಲಾಕಾರದಲ್ಲಿ ಜಾಲ ಕಟ್ಟುವುದಾಗಿಯೂ, ಕಟ್ಟಿದ ಗುತ್ತಿಗೆದಾರರೇ ಹತ್ತು ವರ್ಷ ನೋಡಿಕೊಳ್ಳಬೇಕೆಂದೂ ನಿರ್ಧರಿಸಲಾಗಿದೆ. ಕರ್ನಾಟಕ, ಗೋವಾ, ಪುದುಚೇರಿಗಳು ಒಂದೇ ಪ್ಯಾಕೇಜ್‌ನಲ್ಲಿವೆ. ವರ್ತುಲವೆಂದರೆ ಒಂದು ಬದಿ ಕಡಿದರೆ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯುವ ವ್ಯವಸ್ಥೆ, ಬಯಲುಸೀಮೆಯಲ್ಲಿ ಇದು ಖಂಡಿತ ಫಲ ಕೊಡುತ್ತದೆ. ಆದರೆ ಮಲೆನಾಡಿನ ಬಹುತೇಕ ಪಂಚಾಯಿತಿಗಳಿಗೆ ಇರುವುದು ಒಂದೇ ರಸ್ತೆ. ಒಂದು ಪಕ್ಕ ಶರಾವತಿ ಹಿನ್ನೀರು, ಇನ್ನೊಂದು ಪಕ್ಕ ಅರಣ್ಯ ಇಲಾಖೆಯ ಗಡಿ. ಹೋಗುವ ಕೇಬಲ್ಲೂ ಬರುವ ಕೇಬಲ್ಲೂ ಒಂದೇ ಗುಂಡಿಯಲ್ಲಿ ಮಲಗಿದರೆ ನಕ್ಷೆಯಲ್ಲಿ ವರ್ತುಲ ಕಾಣುತ್ತದೆ, ಜೆಸಿಬಿಯ ಒಂದೇ ಹೊಡೆತಕ್ಕೆ ಎರಡೂ ಹೋಗುತ್ತವೆ. ಇಂಥ ಕಡೆ ಮೆಸ್ಕಾಂ ಕಂಬಗಳ ಮೇಲೆ ಎರಡನೆಯ ದಾರಿ ಮಾಡಬೇಕೇ, ರೇಡಿಯೊ ಸಂಪರ್ಕ ಕೊಡಬೇಕೇ ಎಂಬುದನ್ನು ಗುಂಡಿ ತೋಡುವ ಮೊದಲೇ ಆಯಾ ಪಂಚಾಯಿತಿಯ ಜೊತೆ ಕುಳಿತು ತೀರ್ಮಾನಿಸಬೇಕು. ಊರಿನ ನೀರು ಎಲ್ಲಿ ಹರಿಯುತ್ತದೆ, ಗುಡ್ಡ ಎಲ್ಲಿ ಕುಸಿಯುತ್ತದೆ ಎಂದು ಅಲ್ಲಿನ ವಾಟರ್‌ಮನ್‌ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಸರ್ಕಾರದಿಂದ ನಾನು ಕೇಳುವುದು ದೊಡ್ಡದೇನಲ್ಲ. ಯಾವ ಪಂಚಾಯಿತಿಯ ಸಾಧನ ಯಾವ ಹೊತ್ತಿನಲ್ಲಿ ಸಂಪರ್ಕದಲ್ಲಿತ್ತು ಎಂಬುದನ್ನು ಜಾಲ ನಿರ್ವಹಣಾ ಕೇಂದ್ರದ ಕಂಪ್ಯೂಟರ್ ತಾನಾಗಿಯೇ ದಾಖಲಿಸಬಲ್ಲದು. ಆ ದಾಖಲೆಯನ್ನು ಪಂಚಾಯಿತಿವಾರು, ತಿಂಗಳುವಾರು ಸಾರ್ವಜನಿಕವಾಗಿ ಪ್ರಕಟಿಸಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಯಾರೂ ಅರ್ಜಿ ಹಾಕುವ ಮೊದಲೇ ಇಂಥ ಮಾಹಿತಿಯನ್ನು ಜನರ ಮುಂದಿಡಬೇಕೆಂದು ಹೇಳುತ್ತದೆ. ಪ್ರತಿ ಗ್ರಾಮಸಭೆಯಲ್ಲಿ ಕುಡಿಯುವ ನೀರು, ಬೀದಿದೀಪಗಳ ವರದಿಯ ಜೊತೆಗೆ ಇದನ್ನೂ ಓದಲಿ. ಸಂಪರ್ಕ ಸರಿಯಾಗಿತ್ತೆಂದು ಪಂಚಾಯಿತಿ ದೃಢೀಕರಿಸದೆ ಆ ತಿಂಗಳ ನಿರ್ವಹಣಾ ಬಿಲ್ ಪಾವತಿಯಾಗದಂತೆ ನಿಯಮ ಮಾಡಲಿ. ಬ್ಯಾಟರಿ ಬದಲಿಸುವಂಥ ಸಣ್ಣ ಕೆಲಸವನ್ನು ಪಂಚಾಯಿತಿಯೇ ಮಾಡಿಸಿ ವೆಚ್ಚ ಮರಳಿ ಪಡೆಯಲು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅದಕ್ಕೆ ದೆಹಲಿಯ ಒಪ್ಪಿಗೆಗಾಗಿ ಕಾಯಬೇಕಿಲ್ಲ. ನಮ್ಮ ರಾಜ್ಯದ ಸಂಸದರು ಮುಂದಿನ ಅಧಿವೇಶನದಲ್ಲಿ ಎಷ್ಟು ಕಿಲೊಮೀಟರ್ ಕೇಬಲ್ ಹಾಕಿದಿರಿ ಎಂದು ಕೇಳುವುದನ್ನು ಬಿಟ್ಟು, ಕರ್ನಾಟಕದ ಸುಮಾರು ಆರು ಸಾವಿರ ಪಂಚಾಯಿತಿಗಳಲ್ಲಿ ಕಳೆದ ಮಳೆಗಾಲದ ನಾಲ್ಕು ತಿಂಗಳು ಎಷ್ಟರಲ್ಲಿ ಇಂಟರ್ನೆಟ್ ನಿರಂತರವಾಗಿ ಇತ್ತು ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ,
ಶಿವಮೊಗ್ಗ ಜಿಲ್ಲೆ