ಮಳೆಗಾಲದಲ್ಲಿ ಗಂಟೆಗೊಮ್ಮೆ ರೇಡಿಯೊ ಸುದ್ದಿ ಬೇಕು

ಮಾನ್ಯರೇ,

ಜನ ಮೊಬೈಲಿನಲ್ಲೇ ಸುದ್ದಿ ನೋಡುತ್ತಾರೆಂದು ಸಾರ್ವಜನಿಕ ಪ್ರಸಾರವನ್ನು ಸೊರಗಲು ಬಿಡುವುದು ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಹಳ್ಳಿಗಳಿಗೆ ಅಪಾಯಕಾರಿ. ದೂರದರ್ಶನದ ಉಚಿತ ಟಿ.ವಿ. ಸೇವೆಯಾದ ಫ್ರೀ ಡಿಷ್ ಉಪಗ್ರಹದಿಂದ ಕೆಯು ಬ್ಯಾಂಡ್ ಎಂಬ ಬಲು ಸಣ್ಣ ರೇಡಿಯೊ ತರಂಗದಲ್ಲಿ ಬರುತ್ತದೆ. ಜೋರು ಮಳೆಯ ಹನಿಗಳು ಆ ತರಂಗವನ್ನು ಹೀರುವುದರಿಂದ ಸುದ್ದಿ ಬೇಕಾದ ಹೊತ್ತಿಗೇ ಚಿತ್ರ ಒಡೆದು ನಿಲ್ಲುತ್ತದೆ. ಡಿಷ್ ಆ ಉಪಗ್ರಹವಿರುವ ಆಗ್ನೇಯಕ್ಕೆ ಸರಿಯಾಗಿ ತಿರುಗಿಲ್ಲದಿದ್ದರೆ ಇನ್ನೂ ಬೇಗ. ಕರೆಂಟು ಹೋದರೆ ಟಿ.ವಿ. ಬಂದ್, ಟವರಿನ ಬ್ಯಾಟರಿ ಇಳಿದರೆ ಮೊಬೈಲೂ ಬಂದ್. ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್ ತರಂಗಕ್ಕೆ ಮಳೆಯ ಅಡ್ಡಿಯಿಲ್ಲ, ಸೆಲ್ ಹಾಕಿದ ಸಣ್ಣ ರೇಡಿಯೊ ಸಾಕು (ಸಿಡಿಲಿಗೆ ಗರಗರ ಸದ್ದು ಬಂದೀತು, ಅಷ್ಟೇ). ಮಳೆಗಾಲದಲ್ಲಿ ಆಲಮಟ್ಟಿ, ಹಿಡಕಲ್, ನವಿಲುತೀರ್ಥ ಜಲಾಶಯಗಳ ಹೊರಹರಿವು ಎಷ್ಟು ಕ್ಯುಸೆಕ್, ಆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದನ್ನು ಆಕಾಶವಾಣಿ ಪ್ರತಿ ಗಂಟೆಗೊಮ್ಮೆ ಪ್ರಸಾರ ಮಾಡಲಿ.

– ಓದುಗ, ಬಾಗಲಕೋಟೆ